ಡಿಸ್ಚಾರ್ಜ್ ಇಂಕ್: ಒಂದೇ ಕಪ್ಪು ಟೀ ಶರ್ಟ್, ಎರಡು ಥರ ಬಣ್ಣ. ಎಲ್ಲಿ ತಪ್ಪಿದೆ?

ಸ್ಕ್ರೀನ್ ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ತಲೆ ಕೆಟ್ಟು ಹೋಗಿದೆ.

ನಾನು ಬೆಂಗಳೂರಿನಲ್ಲಿ ಮನೆ ಮೇಲಿನ ಶೀಟ್ ರೂಮಿನಲ್ಲಿ ಟೀ ಶರ್ಟ್ ಪ್ರಿಂಟ್ ಮಾಡುತ್ತೇನೆ. ನಾಲ್ಕು ಬಣ್ಣದ ಕೈಮೆಷಿನ್, 16ಕ್ಕೆ 24 ಇಂಚಿನ ಹೀಟ್ ಪ್ರೆಸ್, ಒಂದು ಹೀಟ್ ಗನ್. ಇಷ್ಟೇ ಆಸ್ತಿ. ಮೂರು ವರ್ಷದಿಂದ ಪ್ಲಾಸ್ಟಿಸಾಲ್ (ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರದ ಹಾಗೆ ಕೂರುವ ಇಂಕ್) ಮಾತ್ರ ಹೊಡೆದಿದ್ದು. ಈ ಸಲ ಒಂದು ಸೈಕಲ್ ಗುಂಪಿನವರು ಬಂದರು. ನವೆಂಬರ್ 1ಕ್ಕೆ ನಂದಿ ಬೆಟ್ಟಕ್ಕೆ ಹೋಗುತ್ತಾರಂತೆ, 180 ಟೀ ಶರ್ಟ್ ಬೇಕು. ಎದೆ ಮೇಲೆ ದಪ್ಪ ಅಕ್ಷರದಲ್ಲಿ 'ಧೂಳೆಬ್ಬಿಸು', ಕೆಳಗೆ ಸಣ್ಣದಾಗಿ ಊರು, ತಾರೀಕು. ಒಂದೇ ಷರತ್ತು: ಬೆವರಿದಾಗ ಎದೆಗೆ ರೆಕ್ಸಿನ್ ಅಂಟಿಸಿಕೊಂಡ ಹಾಗೆ ಇರಬಾರದು, ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗಬಾರದು. ನಾನು ಧೈರ್ಯ ಮಾಡಿ ಡಿಸ್ಚಾರ್ಜ್ ಅಂದೆ, ಅಂದರೆ ಬಟ್ಟೆಯ ಬಣ್ಣವನ್ನೇ ತೆಗೆಯುವ ನೀರಿನ ಇಂಕ್. ಅಡ್ವಾನ್ಸ್ ಕೂಡ ತೆಗೆದುಕೊಂಡುಬಿಟ್ಟೆ.

ಎಲ್ಲ ಟೀ ಶರ್ಟೂ ಒಂದೇ ಕಡೆ ತಂದಿದ್ದು. ಪೂರ್ತಿ ಕಾಟನ್, 180 ಜಿಎಸ್‌ಎಂ, ಬಯೋ ವಾಶ್. ಕಪ್ಪು 120, ಗಿಳಿ ಹಸಿರು 30, ರಾಯಲ್ ನೀಲಿ 30. ಪಿಗ್ಮೆಂಟ್ ಏನೂ ಹಾಕದೆ ಬರೀ ಡಿಸ್ಚಾರ್ಜ್ ಬೇಸ್, ಅದಕ್ಕೆ ಶೇ. 6 ಆಕ್ಟಿವೇಟರ್, ಅಂದರೆ ಬಣ್ಣ ತೆಗೆಯುವ ಪುಡಿ. ಕಪ್ಪಿನ ಮೊದಲ 70 ಪೀಸ್ ಎಷ್ಟು ಚೆನ್ನಾಗಿ ಬಂತು ಅಂದರೆ, ಪ್ರೆಸ್ ಎತ್ತಿದ ಕೂಡಲೇ ಕೋರಾ ಬಟ್ಟೆಯ ಬಣ್ಣದಲ್ಲಿ ಅಕ್ಷರ ಎದ್ದು ನಿಂತಿತ್ತು, ನಾನೇ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. 71ರಿಂದ ಇಟ್ಟಿಗೆ ಪುಡಿ ಬಣ್ಣ! ಅದೇ ಇಂಕ್, ಅದೇ ಸ್ಕ್ರೀನ್, ಅದೇ ಬಿಸಿ. ಆಕ್ಟಿವೇಟರ್ ಕಮ್ಮಿ ಆಯ್ತೇನೋ ಅಂತ 12ಕ್ಕೆ ಏರಿಸಿದೆ. ಬಣ್ಣ ಹಾಗೇ ಇತ್ತು, ವಾಸನೆ ಮಾತ್ರ ಎರಡರಷ್ಟಾಯಿತು. ಅಮ್ಮ ಗ್ಯಾಸ್ ಸೋರುತ್ತಿದೆ ಅಂತ ಸಿಲಿಂಡರ್ ಆಫ್ ಮಾಡಿ ಮೇಲೆ ಓಡಿ ಬಂದರು. 90ಕ್ಕೆ ನಿಲ್ಲಿಸಿದೆ.

ಹಸಿರಿನದ್ದು ಒಂದು ಪೀಸ್ ಹೊಡೆದೆ. ಅಕ್ಷರ ನೀಲಿಯಾಗಿ ಬಂತು. ನಾನು ನೀಲಿ ಹಾಕೇ ಇಲ್ಲ! ರಾಯಲ್ ನೀಲಿಯಲ್ಲಿ ಏನೂ ಬರಲಿಲ್ಲ, ನೀರು ಚೆಲ್ಲಿದ ಕಲೆ ಥರ ಇದೆ.

ಇದು ಸಾಲದು ಅಂತ ಗಿರಾಕಿ ಒಂದು ಫೋಟೋಗೆ ಕೆಂಪು ಸುತ್ತು ಹಾಕಿ ಕಳಿಸಿದ್ದಾರೆ. 'ನಮ್ಮ ಡಿಸೈನ್‌ನಲ್ಲಿ ಧೂಳು ಇತ್ತು, ನೀವು ದೂಳು ಮಾಡಿದ್ದೀರಿ.' ಫಿಲಂ (ಸ್ಕ್ರೀನ್ ಮಾಡಲು ಡಿಸೈನ್ ತೆಗೆಸುವ ಪಾರದರ್ಶಕ ಹಾಳೆ) ನೋಡಿದೆ, ಧ ಸರಿಯಾಗಿಯೇ ಇದೆ. ಬಟ್ಟೆ ಮೇಲೆ ಹೊಟ್ಟೆ ಸೀಳು ಮುಚ್ಚಿ ಹೋಗಿದೆ. 90ರಲ್ಲಿ ಸುಮಾರು ಅರ್ಧಕ್ಕೆ ಹೀಗೆ ಆಗಿದೆ. ಜೊತೆಗೆ ಎಂಟು-ಹತ್ತು ಪೀಸ್‌ಗೆ ಒಮ್ಮೆ ಸಣ್ಣಕ್ಷರ ಸ್ಕ್ರೀನ್‌ನಲ್ಲೇ ಒಣಗಿ ಕಟ್ಟಿಕೊಳ್ಳುತ್ತಿತ್ತು.

ಇನ್ನು 12 ದಿನ ಇದೆ. ಇಂಕ್ ಕೆಟ್ಟಿದೆಯಾ, ನಾನು ಕೆಟ್ಟಿದ್ದೀನಾ?

ತಿರುಪ್ಪೂರು ಕನ್ನಡಿಗ:

ಇಂಕ್ ಚೆನ್ನಾಗಿಯೇ ಇದೆ ಗುರು. ಬಟ್ಟೆ ನೋಡು.

ಡಿಸ್ಚಾರ್ಜ್ ಇಂಕ್ ಬಣ್ಣ ಹಚ್ಚುವುದಿಲ್ಲ, ಬಟ್ಟೆಯಲ್ಲಿರುವ ಬಣ್ಣವನ್ನು ಒಡೆಯುತ್ತದೆ. ಆ ಆಕ್ಟಿವೇಟರ್ ಪುಡಿ ಝಿಂಕ್ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟ್. ಬಿಸಿ ಮತ್ತು ಹಬೆ ಸಿಕ್ಕಾಗ ಅದು ಬಣ್ಣದ ಅಣುವಿನೊಳಗಿನ ಅಜೋ ಕೊಂಡಿಯನ್ನು (ಎರಡು ನೈಟ್ರೋಜನ್ ಸೇರಿದ ಕೊಂಡಿ) ಮುರಿಯುತ್ತದೆ. ಕಾಟನ್ ಬನಿಯನ್ ಬಟ್ಟೆಗೆ ಹಾಕುವ ರಿಯಾಕ್ಟಿವ್ ಕಪ್ಪಿನಲ್ಲಿ ಸಾಮಾನ್ಯವಾಗಿ ಈ ಕೊಂಡಿ ಇರುತ್ತದೆ, ಅದಕ್ಕೇ ನಿನ್ನ ಮೊದಲ 70 ಅಷ್ಟು ಚೆನ್ನಾಗಿ ಬಂದಿದ್ದು. ಕೊಂಡಿಯೇ ಇಲ್ಲದ ಬಣ್ಣದ ಮೇಲೆ ಕಿಲೋಗಟ್ಟಲೆ ಪುಡಿ ಸುರಿದರೂ ಅಷ್ಟೇ.

ನಿನ್ನ ಹಸಿರು ಟೀ ಶರ್ಟ್ ಇದಕ್ಕೆ ಒಳ್ಳೇ ಉದಾಹರಣೆ. ಆ ಥರದ ಹೊಳೆಯುವ ಹಸಿರನ್ನು ಡೈಯಿಂಗ್‌ನಲ್ಲಿ ಹಳದಿ ಮತ್ತು ಟರ್ಕಾಯ್ಸ್ ಸೇರಿಸಿ ಮಾಡುತ್ತಾರೆ. ಹಳದಿ ಅಜೋ ಜಾತಿ, ಹೋಯಿತು. ಟರ್ಕಾಯ್ಸ್‌ನಲ್ಲಿ ಒಳಗೆ ತಾಮ್ರ ಕೂತಿರುವ ಥಾಲೋಸಯನಿನ್ ಇದೆ, ಅದು ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಹಳದಿ ಹೋದ ಮೇಲೆ ಉಳಿದಿದ್ದು ನೀಲಿ ತಾನೆ? ನೀನು ನೀಲಿ ಹಾಕಿಲ್ಲ, ಅದು ಮೊದಲೇ ಒಳಗಿತ್ತು. ರಾಯಲ್ ನೀಲಿಯದ್ದೂ ಹೆಚ್ಚು ಕಮ್ಮಿ ಇದೇ ಕಥೆ. ಹೊಳಪಿನ ನೀಲಿಗೆ ಹೆಚ್ಚಾಗಿ ಆಂಥ್ರಾಕ್ವಿನೋನ್ ಜಾತಿಯ ಬಣ್ಣ ಬಳಸುತ್ತಾರೆ. ಅದರಲ್ಲೂ ಮುರಿಯಲು ಅಜೋ ಇಲ್ಲ.

ಈಗ ಆ ಇಟ್ಟಿಗೆ ಬಣ್ಣಕ್ಕೆ ಬರೋಣ. ನಾನು ಇಲ್ಲಿ ಡೈಯಿಂಗ್ ಯೂನಿಟ್‌ಗಳಿಗೆ ಓಡಾಡುವವನು, ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಒಂದು ಲಾಟು ಮೆರೂನ್ ಶೇಡ್ ತಪ್ಪಿತು ಅಂದುಕೊಳ್ಳಿ. ಅಷ್ಟು ಬಟ್ಟೆಯನ್ನು ಯಾರು ಬಿಸಾಡುತ್ತಾರೆ? ಮತ್ತೆ ಕಪ್ಪಿಗೆ ಮುಳುಗಿಸುತ್ತಾರೆ. ಕಪ್ಪು ಎಲ್ಲ ತಪ್ಪನ್ನೂ ಮುಚ್ಚುತ್ತದೆ, ಅಲ್ವಾ. ಅಂಗಡಿಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ. ನಿನ್ನ ಇಂಕ್ ಬಿದ್ದ ಕೂಡಲೇ ಒಳಗಿನ ಗುಟ್ಟು ಹೊರಗೆ ಬರುತ್ತದೆ. ಇನ್ನು ಅಗ್ಗದ ಕಪ್ಪಿಗೆ ಸಲ್ಫರ್ ಡೈ ಹಾಕಿದ್ದರೆ, ಅದೂ ಈ ಪುಡಿಗೆ ಸರಿಯಾಗಿ ಮಣಿಯುವುದಿಲ್ಲ.

ಬಂಡಲ್ ಸ್ಟಿಕರ್ ತೆಗೆದು ಲಾಟ್ ನಂಬರ್ ನೋಡು. 70ಕ್ಕೆ ಸರಿಯಾಗಿ ಬದಲಾಗಿದೆ ಅಂದರೆ ಏಳು ಬಂಡಲ್ ಒಂದು ಲಾಟು, ಉಳಿದ ಐದು ಇನ್ನೊಂದು ಲಾಟು ಅಂತ ನನ್ನ ಲೆಕ್ಕ.

ಮುಂದೆ ಸರಕು ಬಂದ ದಿನವೇ ಪ್ರತಿ ಬಂಡಲ್‌ನಿಂದ ಒಂದು ತೆಗೆದು, ಕೆಳಗಿನ ಮಡಿಕೆಯ ಒಳಗಡೆ ಆಕ್ಟಿವೇಟರ್ ಬೆರೆಸಿದ ಇಂಕ್ ಒಂದು ಹನಿ ಹಚ್ಚಿ ಹೀಟ್ ಗನ್ ಹಿಡಿ. ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬ್ಲೀಚ್ ಹನಿ ಹಾಕಿ ನೋಡುವವರಿದ್ದಾರೆ, ಅದು ಸುಮ್ನೆ. ಬ್ಲೀಚ್ ಮಾಡುವ ಕೆಲಸ ಬೇರೆ, ಇದು ಮಾಡುವ ಕೆಲಸ ಬೇರೆ. ಖರೀದಿ ಮಾಡುವಾಗ ಬಾಯಿ ಬಿಟ್ಟು 'ಡಿಸ್ಚಾರ್ಜ್ ಆಗುವ ಡೈಯಿಂಗ್ ಬೇಕು' ಅಂತ ಕೇಳು. ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಸ್ಕ್ರೀನ್ ಹುಡುಗ:

ಅಣ್ಣ, ಈಗಷ್ಟೇ ಕಸದ ಚೀಲ ಸುರಿದು ಸ್ಟಿಕರ್ ಹುಡುಕಿದೆ. ಏಳು ಮತ್ತು ಐದೇ! ಐದರ ಮೇಲೆ ಲಾಟ್ ನಂಬರ್ ಬೇರೆ ಇದೆ. ಎಂಟನೇ ಬಂಡಲ್ ಬಿಚ್ಚುವಾಗ ಕಾಲರ್ ರಿಬ್ ಒಂದು ಚೂರು ಕೆಂಪಾಗಿ ಕಂಡಿತ್ತು, ಟ್ಯೂಬ್‌ಲೈಟ್ ಬೆಳಕು ಅಂತ ಬಿಟ್ಟೆ.

ಹಾಗಾದರೆ 12 ಹಾಕಿದ್ದು ಪೂರ್ತಿ ದಂಡ ತಾನೆ? ಮತ್ತೆ ಆ ಧ ಏನು ಮಾಡಲಿ?

ಹಳೇ ಸ್ಕ್ವೀಜಿ:

12 ದಂಡ ಮಾತ್ರ ಅಲ್ಲ ತಮ್ಮಾ, ಅಪಾಯ ಕೂಡ. ಒಂದು ಕಿಲೋ ಬೇಸಿಗೆ 60 ಗ್ರಾಂ ಸಾಕು, ತೀರಾ ಅಂದರೆ 80. ಅದಕ್ಕಿಂತ ಮೇಲೆ ಹೋದರೆ ಬಿಳುಪು ಏರುವುದಿಲ್ಲ, ಪುಡಿ ಬಟ್ಟೆಯಲ್ಲೇ ಉಳಿಯುತ್ತದೆ. ಕಣ್ಣಳತೆ ಬೇಡ, ಅಡುಗೆಮನೆ ತಕ್ಕಡಿಯಾದರೂ ಪರವಾಗಿಲ್ಲ, ತೂಕ ಮಾಡಿ ಹಾಕು. ಆಮೇಲೆ ಆ ತಕ್ಕಡಿ ಅಡುಗೆಮನೆಗೆ ವಾಪಸ್ ಹೋಗಬಾರದು, ಅದು ಬೇರೆ ಮಾತು. ಬೆರೆಸಿದ ಇಂಕ್ ಆರೆಂಟು ಗಂಟೆಯಲ್ಲಿ ಸತ್ತು ಹೋಗುತ್ತದೆ. ಬೆಳಿಗ್ಗೆ ಎಷ್ಟು ಹೊಡೆಯುತ್ತೀಯೋ ಅಷ್ಟಕ್ಕೆ ಮಾತ್ರ ಬೆರೆಸು.

ಧ ವಿಷಯಕ್ಕೆ ಬರೋಣ. ನಾನು ಹುಬ್ಬಳ್ಳಿಯಲ್ಲಿ ಬ್ಯಾನರ್ ಕಾಲದಿಂದ ಕನ್ನಡ ಅಕ್ಷರ ಹೊಡೆಯುತ್ತಿದ್ದೇನೆ. ಪ್ಲಾಸ್ಟಿಸಾಲ್ ಬಿದ್ದಲ್ಲೇ ಕೂರುತ್ತದೆ. ನೀರಿನ ಇಂಕ್ ಹಾಗಲ್ಲ, ನೂಲು ಹಿಡಿದು ಪಕ್ಕಕ್ಕೆ ನಡೆಯುತ್ತದೆ. ಇಂಗ್ಲಿಷ್ ಅಕ್ಷರ ಸ್ವಲ್ಪ ದಪ್ಪಗಾದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಅಕ್ಷರಕ್ಕೆ ಹೊಟ್ಟೆ ಸೀಳು ಮುಚ್ಚಿದರೆ ಅರ್ಥವೇ ಹೋಯಿತು. ಠ ಒಳಗಿನ ಚುಕ್ಕೆ, ಬ ಒತ್ತಿನ ಒಳಗಿನ ಖಾಲಿ ಜಾಗ, ಇವೆಲ್ಲ ಮೊದಲು ಮುಚ್ಚುವ ಜಾಗಗಳು. ನಾನು ಒಮ್ಮೆ ಮದುವೆ ಮನೆಯವರಿಗೆ 'ವಧು ಕಡೆಯವರು' ಅಂತ ಹೊಡೆದು ಕೊಟ್ಟಿದ್ದು 'ವದು' ಆಗಿ, ಬೀಗರ ಮುಂದೆ ಮರ್ಯಾದೆ ಹೋಯಿತು ಅಂತ ಬೈಸಿಕೊಂಡಿದ್ದೇನೆ. ನಿನ್ನ ಗಿರಾಕಿಗೆ ಬೇಕಾದರೆ ಕೆಲವು ಪತ್ರಿಕೆಗಳಲ್ಲಿ ದೂಳು ಅಂತಲೇ ಬರೆಯುತ್ತಾರೆ ಅಂತ ಹೇಳಿ ನೋಡು, ಆದರೆ ಡಿಸೈನ್‌ನಲ್ಲಿ ಇದ್ದಿದ್ದು ಧ, ದುಡ್ಡು ಕೊಟ್ಟಿದ್ದೂ ಧಗೇ.

ಡಿಸೈನರ್ ಕಂಪ್ಯೂಟರ್‌ನಲ್ಲಿ ಆ ಸೀಳನ್ನು ಕೂದಲೆಳೆಯಷ್ಟು ಬಿಟ್ಟಿರುತ್ತಾನೆ. ನೀನೇ ಫಿಲಂ ತೆಗೆಸುವ ಮುಂಚೆ ಅದನ್ನು ಒಂದೂವರೆ ಮಿಲಿಮೀಟರ್‌ಗೆ ಅಗಲ ಮಾಡು. ಪರದೆ ಮೇಲೆ ಅಸಹ್ಯವಾಗಿ ಕಾಣುತ್ತದೆ, ಬಟ್ಟೆ ಮೇಲೆ ಸರಿಯಾಗಿ ಕೂರುತ್ತದೆ. ಮೆಶ್, ಅಂದರೆ ಸ್ಕ್ರೀನಿನ ಜಾಲರಿ, ಯಾವುದು ಹಾಕಿದ್ದೀಯಾ, ಬರೆದೇ ಇಲ್ಲ. ಪ್ಲಾಸ್ಟಿಸಾಲ್ ಅಭ್ಯಾಸದಲ್ಲಿ 43 ಟಿ (ಸೆಂಟಿಮೀಟರಿಗೆ 43 ಎಳೆ) ಹಾಕಿದ್ದರೆ ಇಂಕ್ ಜಾಸ್ತಿ ಬೀಳುತ್ತದೆ. 55 ಟಿ ಹಾಕು, ಅಂಗಡಿಯವನು ಇಂಚಿನ ಲೆಕ್ಕ ಹೇಳಿದರೆ ಅದು 140. ಇಂಕ್ ಎಳೆಯುವ ರಬ್ಬರ್ ಚೂಪಾಗಿರಲಿ, ಎರಡು ಸಲ ಎಳೆದರೆ ಸಾಕು. ಅರ್ಧ ಪೀಸಿಗೆ ಮಾತ್ರ ಮುಚ್ಚಿದೆ ಅಂದೆಯಲ್ಲ, ಸ್ಕ್ರೀನ್ ಕಟ್ಟಿಕೊಂಡ ಮೇಲೆ ಸಿಟ್ಟಿನಿಂದ ಒತ್ತಿ ಒತ್ತಿ ಎಳೆದಿರುತ್ತೀಯ. ನನಗೆ ಗೊತ್ತು, ಎಲ್ಲರೂ ಹಾಗೇ ಮಾಡುವುದು.

ಕಟ್ಟಿಕೊಳ್ಳುವುದಕ್ಕೆ ಮೊದಲ ಪ್ರಶ್ನೆ: ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತಾ? ಅದನ್ನು ಆಫ್ ಮಾಡು. ಪ್ರತಿ ಪೀಸ್ ಆದ ಮೇಲೆ ಸ್ಕ್ರೀನ್ ಎತ್ತಿ, ಒತ್ತದೆ ಮೆಲ್ಲಗೆ ಇಂಕನ್ನು ಚಿತ್ರದ ಮೇಲೆ ಹರಡಿ ಬಿಡು. ಮೆಶ್ ತೂತು ಇಂಕಿನಲ್ಲಿ ಮುಳುಗಿಯೇ ಇರಬೇಕು. ಫೋನ್ ಬಂತು ಅಂತ ಹಾಗೇ ಬಿಟ್ಟು ಹೋದರೆ ಮುಗಿಯಿತು. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಪಕ್ಕದಲ್ಲಿಟ್ಟುಕೋ, ಆಗಾಗ ಇಂಕ್ ಮೇಲೆ ಒಂದು ಪುಸ್ ಸಾಕು.

ಎಮಲ್ಷನ್ (ಸ್ಕ್ರೀನ್ ಮೇಲೆ ಅಕ್ಷರದ ಅಚ್ಚು ಮೂಡಿಸುವ ಲೇಪ) ಕೂಡ ನೋಡಿಕೋ. ಬೈಕ್ರೋಮೇಟ್ ಕಲಸಿದ ಹಳೇ ಎಮಲ್ಷನ್ ನೀರಿನ ಇಂಕಿಗೆ ತಡೆಯುವುದಿಲ್ಲ, ನೂರು ಪೀಸ್ ಆಗುವಷ್ಟರಲ್ಲಿ ಅಂಚು ಕರಗಿ ಬರುತ್ತದೆ. ನೀರು ತಡೆಯುವ ಎಮಲ್ಷನ್ ಅಂತಲೇ ಕೇಳಿ ತಾ. ತೊಳೆದು ಒಣಗಿಸಿದ ಮೇಲೆ ಇನ್ನೊಮ್ಮೆ ಬಿಸಿಲಿಗೆ ಇಡು, ಗಟ್ಟಿಯಾಗುತ್ತದೆ.

ಕೊನೆಗೆ ಕ್ಯೂರಿಂಗ್, ಅಂದರೆ ಬಿಸಿ ಕೊಟ್ಟು ಇಂಕ್ ನಿಲ್ಲಿಸುವುದು. ಹೊಡೆದ ಪೀಸನ್ನು ಹಗ್ಗಕ್ಕೆ ನೇತು ಹಾಕಿ, ಸಂಜೆ ಎಲ್ಲ ಒಟ್ಟಿಗೆ ಪ್ರೆಸ್ ಮಾಡೋಣ ಅನ್ನಬೇಡ. ಈ ಇಂಕಿಗೆ ಒದ್ದೆ ಬೇಕು, ಹಬೆಯಲ್ಲೇ ಅದು ಕೆಲಸ ಮಾಡುವುದು. ಒಣಗಿದ ಮೇಲೆ ಬಿಸಿ ಕೊಟ್ಟರೆ ಅರೆಬರೆ ಬಣ್ಣ ಹೋಗುತ್ತದೆ. ಒದ್ದೆ ಇರುವಾಗಲೇ ಪ್ರೆಸ್ಸಿನ ತಟ್ಟೆಯನ್ನು ಬಟ್ಟೆಗೆ ತಾಗಿಸದೆ ಒಂದು ಬೆರಳು ಮೇಲೆ ಹಿಡಿ. ಹಬೆ ಏಳುತ್ತದೆ, ಅಕ್ಷರ ಬಣ್ಣ ಬಿಡುವುದು ಕಾಣುತ್ತದೆ. ಹಬೆ ನಿಂತ ಮೇಲೆ ಟೆಫ್ಲಾನ್ ಹಾಳೆ ಇಟ್ಟು 160 ಡಿಗ್ರಿಯಲ್ಲಿ ಒಂದು ನಿಮಿಷ ಒತ್ತು. ಮೆಷಿನ್ ಪರದೆ 160 ತೋರಿಸಿದರೆ ಇಂಕ್ 160 ಆಗಿದೆ ಅಂತ ಅರ್ಥ ಅಲ್ಲ. ನೀರು ಇರುವ ತನಕ ಇಂಕಿನ ಬಿಸಿ 100 ದಾಟುವುದಿಲ್ಲ. ಸರಿಯಾಗಿ ಕ್ಯೂರ್ ಆಗದ್ದು ಮೊದಲ ಒಗೆತಕ್ಕೇ ಮಸುಕಾಗುತ್ತದೆ. ಒಂದು ಪೀಸ್ ಒಗೆದು ನೋಡಿ ಉಳಿದದ್ದು ಕೊಡು.

ಬಳ್ಳಾರಿ ಜೀನ್ಸ್:

ನಡುವೆ ಬಾಯಿ ಹಾಕುತ್ತಿದ್ದೇನೆ. ಇದೇ ಇಂಕ್ ತಂದು ಜೀನ್ಸ್ ಮೇಲೆ ಹೊಡೆಯಬಹುದಾ ಅಂತ ನಮ್ಮಲ್ಲಿ ವಾರಕ್ಕೊಬ್ಬ ಕೇಳುತ್ತಾನೆ. ಆಗುವುದಿಲ್ಲ, ಆಗುವುದಿಲ್ಲ ಅನ್ನುವುದಕ್ಕಿಂತ ಮೋಸ ಮಾಡುತ್ತದೆ. ಇಂಡಿಗೊ ಮೇಲೆ ಈ ಪುಡಿ ಬಿದ್ದರೆ ಬಿಸಿ ಇರುವಾಗ ಹಳದಿಗೆ ತಿರುಗುತ್ತದೆ. ಆಹಾ ಅಂತ ಖುಷಿಪಡುವಷ್ಟರಲ್ಲಿ ಗಾಳಿ ತಾಗಿ ಮತ್ತೆ ನೀಲಿ! ಇಂಡಿಗೊ ಬಣ್ಣ ಹಾಕುವುದೇ ಹಾಗಲ್ವಾ, ತೊಟ್ಟಿಯಲ್ಲಿ ಹಳದಿ-ಹಸಿರು, ಮೇಲೆತ್ತಿ ಗಾಳಿಗೆ ಹಿಡಿದರೆ ನೀಲಿ. ಅದನ್ನೇ ನಾವು ಬಟ್ಟೆ ಮೇಲೆ ಇನ್ನೊಮ್ಮೆ ಮಾಡಿದ ಹಾಗಾಯಿತು, ಅಷ್ಟೇ.

ಬಳ್ಳಾರಿಯಲ್ಲಿ ತೊಡೆ ಮೇಲೆ ಬಿಳಿ ಬರಿಸುವುದಕ್ಕೆ ನಾವು ಹೊಡೆಯುವುದು ಪೊಟ್ಯಾಸಿಯಂ ಪರ್ಮಾಂಗನೇಟ್, ಪಿಪಿ ಸ್ಪ್ರೇ ಅನ್ನುತ್ತೇವೆ. ಅದು ಇಂಡಿಗೊವನ್ನು ಸುಟ್ಟು ಹಾಕುತ್ತದೆ, ವಾಪಸ್ ಬರುವುದಿಲ್ಲ. ಹೊಡೆದ ಜಾಗ ಮೊದಲು ನೇರಳೆ, ಆಮೇಲೆ ಕಂದು, ಕೊನೆಗೆ ತೊಳೆದು ಆ ಕಂದು ತೆಗೆಯಬೇಕು. ಅದರ ಮುಂದೆ ನಿಂತು ಕೆಲಸ ಮಾಡುವ ಹುಡುಗರ ಮೂಗು, ಕೈ ನೋಡಿದರೆ ಬೇಜಾರಾಗುತ್ತದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಒಂದು ಮಾತು. ಟೀ ಶರ್ಟ್‌ನಲ್ಲಿ ಹೊಲಿಗೆ ಮೇಲೆ ಪ್ರಿಂಟ್ ಬರುವ ಹಾಗೆ ಡಿಸೈನ್ ಇಡಬೇಡಿ. ಬಟ್ಟೆ ಕಾಟನ್, ದಾರ ಪಾಲಿಯೆಸ್ಟರ್. ಅಕ್ಷರದ ನಡುವೆ ಕಪ್ಪು ದಾರ ಹಾಗೇ ಗೆರೆ ಎಳೆದ ಹಾಗೆ ಉಳಿಯುತ್ತದೆ.

ಕರಾವಳಿ ಅಕ್ಕ:

ಎಲ್ಲರೂ ಬಣ್ಣದ ಬಗ್ಗೆಯೇ ಹೇಳುತ್ತಿದ್ದಾರೆ, ಆ ಹುಡುಗನ ಅಮ್ಮ ಗ್ಯಾಸ್ ಸೋರಿತು ಅಂತ ಓಡಿ ಬಂದದ್ದರ ಬಗ್ಗೆ ಯಾರೂ ಮಾತಾಡಲಿಲ್ಲ.

ಆ ಕೊಳೆತ ಮೊಟ್ಟೆ ವಾಸನೆ ಗಂಧಕದ್ದು. ಅದರ ಜೊತೆಗೆ ಕಣ್ಣು ಉರಿಸುವುದು ಫಾರ್ಮಾಲ್ಡಿಹೈಡ್. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಶೀಟ್ ರೂಮಿನಲ್ಲಿ ಕಿಟಕಿ ಮುಚ್ಚಿ 90 ಪೀಸ್ ಹೊಡೆಯುವುದು ಸರಿಯಲ್ಲ ಮಾರಾಯ. ಪ್ರೆಸ್ ಪಕ್ಕದ ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸು, ಗಾಳಿ ನಿನ್ನ ಮುಖದಿಂದ ಹೊರಗೆ ಹೋಗಬೇಕು, ನಿನ್ನ ಮುಖದ ಮೇಲೆ ಹಾದು ಹೋಗಬಾರದು. ಬಟ್ಟೆ ಮಾಸ್ಕಿನಿಂದ ಪ್ರಯೋಜನ ಇಲ್ಲ, ಫಾರ್ಮಾಲ್ಡಿಹೈಡ್ ತಡೆಯುವ ಕಾರ್ಟ್ರಿಡ್ಜ್ ಇರುವುದು ಬೇಕು.

ಹೊಡೆದದ್ದನ್ನು ಒಗೆದೇ ಕೊಡು. ಆಗದಿದ್ದರೆ 'ಒಗೆದು ಹಾಕಿಕೊಳ್ಳಿ' ಅಂತ ಚೀಟಿ ಇಡು. ರಫ್ತು ಮಾಡುವವರಿಗೆ ಓಕೋ-ಟೆಕ್ಸ್ ಪರೀಕ್ಷೆ (ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಎಷ್ಟಿದೆ ಅಂತ ನೋಡುವುದು) ಇರುತ್ತದೆ. ಅದರಲ್ಲಿ ಮೈಗೆ ತಾಗುವ ಬಟ್ಟೆಗೆ ಕಿಲೋಗೆ 75 ಮಿಲಿಗ್ರಾಂ ಫಾರ್ಮಾಲ್ಡಿಹೈಡ್ ಮಿತಿ, ಎಳೆ ಮಕ್ಕಳ ಬಟ್ಟೆಗೆ ಇನ್ನೂ ತುಂಬಾ ಕಮ್ಮಿ. ನಿನ್ನ ಆರ್ಡರ್‌ನಲ್ಲಿ ಮಕ್ಕಳ ಸೈಜ್ ಇದ್ದರೆ ಅದಕ್ಕೆ ಡಿಸ್ಚಾರ್ಜ್ ಬೇಡವೇ ಬೇಡ.

ನಮ್ಮ ಕಡೆ ಮಳೆಗಾಲದಲ್ಲಿ ಆ ಪುಡಿಯ ಡಬ್ಬ ತೆರೆದಿಟ್ಟರೆ ಉಪ್ಪಿನ ಹಾಗೆ ಗಂಟು ಕಟ್ಟುತ್ತದೆ, ಆಮೇಲೆ ಅದಕ್ಕೆ ಶಕ್ತಿ ಇರುವುದಿಲ್ಲ. ಹಾಗೆಂದು ಗಂಟು ಪುಡಿ ಮಾಡಿ ಜಾಸ್ತಿ ಹಾಕಬೇಡಿ, ಹೊಸತು ತನ್ನಿ. ಮತ್ತೆ ನೀರಿನ ಇಂಕ್ ಅಂದ ಮಾತ್ರಕ್ಕೆ ಉಳಿದದ್ದನ್ನು ಮೋರಿಗೆ ಸುರಿಯಬಹುದು ಅಂತಲ್ಲ. ಸ್ಕ್ರೀನ್ ಮೇಲಿನದ್ದನ್ನು ಕೆರೆದು ತೆಗೆದು ಆಮೇಲೆ ತೊಳೆಯಿರಿ.

ಸ್ಕ್ರೀನ್ ಹುಡುಗ:

ಎಂಟು ದಿನ ಆಯಿತು, ಏನಾಯಿತು ಅಂತ ಬರೆಯಲೇಬೇಕು.

ಸರಕು ಕೊಟ್ಟವರು ಮೊದಲು ಜಗಳ ಆಡಿದರು. ಎರಡು ಲಾಟಿನ ಸ್ಟಿಕರ್, ಎರಡು ಟೀ ಶರ್ಟ್ ಪಕ್ಕ ಪಕ್ಕ ಇಟ್ಟು ತೋರಿಸಿದ ಮೇಲೆ, ಪ್ರಿಂಟ್ ಆಗದ 30 ಕಪ್ಪು ವಾಪಸ್ ತೆಗೆದುಕೊಂಡರು. ಬದಲಿಗೆ ಕೊಟ್ಟ ಮೂರು ಬಂಡಲ್‌ಗೂ ಅಂಗಡಿಯಲ್ಲೇ ಹನಿ ಹಚ್ಚಿ, ಅವರದೇ ಪ್ಲಗ್ಗಿಗೆ ಹೀಟ್ ಗನ್ ಹಾಕಿ ನೋಡಿದೆ. ಅಂಗಡಿ ತುಂಬಾ ವಾಸನೆ. ಬೇಗ ಕಳಿಸಿಕೊಟ್ಟರು. ರಾಯಲ್ ನೀಲಿ ಕೊಟ್ಟು ನೇವಿ ತಂದೆ, ಅದು ಚೆನ್ನಾಗಿ ಬಿಟ್ಟಿತು. ಹಸಿರಿನಲ್ಲಿ 12 ಮಕ್ಕಳ ಸೈಜ್ ಇತ್ತು, ಅಕ್ಕ ಹೇಳಿದ ಮೇಲೆ ಹಸಿರು ಅಷ್ಟಕ್ಕೂ ಡಿಸ್ಚಾರ್ಜ್ ಬಿಟ್ಟು ತೆಳ್ಳಗೆ ಖಾದಿ ವೈಟ್ (ಬಟ್ಟೆಯ ಬಣ್ಣ ಮುಚ್ಚುವ ಬಿಳಿ ನೀರಿನ ಇಂಕ್) ಹೊಡೆದೆ. ನೀಲಿ ಅಕ್ಷರ ಬಂದ ಆ ಒಂದು ಪೀಸ್ ನಾನೇ ಹಾಕಿಕೊಂಡು ಓಡಾಡುತ್ತಿದ್ದೇನೆ. ಖಾದಿ ಸ್ವಲ್ಪ ಕೈಗೆ ತಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿದೆ, ಮಕ್ಕಳಿಗೆ ತಾನೆ ಅಂತ ಒಪ್ಪಿದರು.

ಇಟ್ಟಿಗೆ ಬಣ್ಣದ 20ಕ್ಕೆ ದುಡ್ಡು ಬೇಡ ಅಂದೆ. ಅವರು ನೋಡಿ, ಇದು ನಿಜವಾದ ಧೂಳಿನ ಬಣ್ಣ, ನೀರು ಕೊಡುವ ಹುಡುಗರಿಗೆ ಇರಲಿ ಅಂತ ಅರ್ಧ ರೇಟಿಗೆ ತೆಗೆದುಕೊಂಡರು.

ಉಳಿದದ್ದು ಧ. ಹೊಸ ಫಿಲಂನಲ್ಲಿ ಸೀಳು ಅಗಲ ಮಾಡಿ 55 ಟಿ ಮೆಶ್ ಹಾಕಿದ ಮೇಲೆ ಒಂದೂ ಮುಚ್ಚಲಿಲ್ಲ. ಹಳೇ ಸ್ಕ್ರೀನ್ 43 ಟಿಯೇ ಆಗಿತ್ತು, ಫ್ಯಾನೂ ತಲೆ ಮೇಲೇ ತಿರುಗುತ್ತಿತ್ತು. ಆದರೆ ಮೊದಲೇ ಮುಚ್ಚಿದ್ದ 41 ಪೀಸ್ ಇತ್ತಲ್ಲ, ಬಿಟ್ಟ ಬಣ್ಣ ವಾಪಸ್ ತರುವ ಇಂಕ್ ಯಾರೂ ಮಾಡಿಲ್ಲ. ಅಮ್ಮ ಕೇಳಿದರು, ಆ ಜಾಗ ಕಪ್ಪಾಗಬೇಕು ಅಷ್ಟೇ ತಾನೆ? ಕಪ್ಪು ಫ್ಯಾಬ್ರಿಕ್ ಪೇಂಟ್, ಸೊನ್ನೆ ನಂಬರ್ ಬ್ರಷ್. ಹಾಲ್‌ನಲ್ಲಿ ಟಿವಿ ಹಾಕಿಕೊಂಡು, ತೊಡೆ ಮೇಲೆ ದಿಂಬು ಇಟ್ಟುಕೊಂಡು ಒಂದೊಂದೇ ಸೀಳು ಎಳೆದರು. ನಾನು ಎರಡು ಎಳೆದು ಕೈ ನಡುಗಿ ಬಿಟ್ಟೆ. ರಂಗೋಲಿ ಕೈ ಅವರದ್ದು. ಒಣಗಿದ ಮೇಲೆ ಇಸ್ತ್ರಿ ಹಾಕಿ, ಒಂದನ್ನು ಎರಡು ಸಲ ಒಗೆದು ನೋಡಿದೆ, ನಿಂತಿದೆ.

ಎಕ್ಸಾಸ್ಟ್ ಫ್ಯಾನ್ ನಾಳೆ ಬರುತ್ತದೆ. ಇವತ್ತು ಬೆರೆಸಿದ್ದು ಅರ್ಧ ಡಬ್ಬ ಉಳಿದಿದೆ, ಮುಚ್ಚಿಟ್ಟು ಬೆಳಿಗ್ಗೆ ನೋಡುತ್ತೇನೆ.

ಹಳೇ ಸ್ಕ್ವೀಜಿ:

ಮುಚ್ಚಿಡಬೇಡ! ಬೆರೆಸಿದ ಇಂಕ್ ರಾತ್ರಿಯೆಲ್ಲ ಗ್ಯಾಸ್ ಬಿಡುತ್ತಿರುತ್ತದೆ, ಮುಚ್ಚಳ ಬಿಗಿ ಮಾಡಿದರೆ ಡಬ್ಬ ಊದಿಕೊಂಡು ಸಿಡಿಯುತ್ತದೆ. ಈಗಲೇ ಹೋಗಿ ಮುಚ್ಚಳ ಸಡಿಲ ಮಾಡಿ ಹೊರಗೆ ಇಟ್ಟು ಬಾ. ಬೆಳಿಗ್ಗೆ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.